ನೋಡಿದ್ದೆ, ಹೇಳಲಿಲ್ಲ

"ಜೆಸಿಬಿ ಬಂದಿದ್ದು ನಾನು ನೋಡಿದೀನಿ ಮೇಡಂ. ರಾತ್ರಿ ಎರಡು ಗಂಟೆ. ಒಂದೇ ಲೈಟು ಹಾಕಿದ್ರು."

"ಮತ್ತೆ ಅವತ್ತು ಪೈಪ್‌ಲೈನ್ ಕಂಪನಿಯವರು ಬಂದು ಕೇಳಿದಾಗ ಯಾಕೆ ಹೇಳಲಿಲ್ಲ?"

ಅವನು ಕಾಫಿ ಕಣದಲ್ಲಿ ಹಣ್ಣು ಕೈಯಾಡಿಸುತ್ತಿದ್ದ. ಹಲಗೆಯನ್ನು ನಿಲ್ಲಿಸಿ, ಭಾವ ಹತ್ತಿರದಲ್ಲಿ ಇದ್ದಾರಾ ಎಂದು ನೋಡಿಕೊಂಡ. "ಹೇಳಿದ್ರೆ ನಂಗೇ ಕೇಳ್ತಾರೆ. ರಾತ್ರಿ ಎರಡು ಗಂಟೆಗೆ ನೀನು ಹೊರಗೆ ಏನು ಮಾಡ್ತಿದ್ದೆ ಅಂತ."

ಇಷ್ಟೇ ಮಾತು. ಆಮೇಲೆ ಹಣ್ಣು ಎಳೆಯುವ ಸದ್ದು. ಇದು ನಡೆದು ಬಹಳ ದಿನವಾಯಿತು, ಆದರೂ ಟಿವಿಯಲ್ಲಿ ಗಡಿ, ನುಸುಳುಕೋರರು, ಕಟ್ಟೆಚ್ಚರ ಎಂಬ ಪದಗಳು ಓಡಿದಾಗಲೆಲ್ಲ ನನಗೆ ಆ ಕಣ ಕಣ್ಣಿಗೆ ಬರುತ್ತದೆ. ಬರೆದಾದರೂ ಇಳಿಸಿಕೊಳ್ಳೋಣ ಎಂದು ಕೂತಿದ್ದೇನೆ.

ನಮ್ಮ ಭಾವನ ತೋಟ ಇರುವುದು ಹಾಸನ–ಸಕಲೇಶಪುರದ ನಡುವೆ, ಹೆದ್ದಾರಿಯಿಂದ ಸಾಕಷ್ಟು ಒಳಗೆ. ಬಹುತೇಕ ರೊಬಸ್ಟಾ, ಮರಗಳಿಗೆ ಹಬ್ಬಿಸಿದ ಮೆಣಸು, ಒಂದು ಕೆರೆ. ತೋಟದ ಒಂದು ಅಂಚಿನಲ್ಲಿ ಮರವೇ ಇಲ್ಲದ ಒಂದು ಪಟ್ಟಿ ಉದ್ದಕ್ಕೆ ಹೋಗಿದೆ, ಯಾರೋ ಬೈತಲೆ ತೆಗೆದ ಹಾಗೆ. ಅದರ ಕೆಳಗೆ ಪೈಪ್‌ಲೈನ್. ಮಂಗಳೂರಿನ ಸಂಸ್ಕರಣಾಗಾರದಿಂದ ಪೆಟ್ರೋಲು, ಡೀಸೆಲ್ಲು ಘಟ್ಟ ಹತ್ತಿ ಹಾಸನಕ್ಕೆ ಬಂದು, ಅಲ್ಲಿಂದ ಬೆಂಗಳೂರಿನ ಕಡೆಗೆ ಹೋಗುವುದು ಇದರಲ್ಲೇ. 2003ರಿಂದ ಹರಿಯುತ್ತಿದೆ, ಒಟ್ಟು 360 ಕಿಲೋಮೀಟರಿಗೂ ಹೆಚ್ಚು ಉದ್ದ. ಬೆಂಗಳೂರಿನಲ್ಲಿ ಬೈಕಿಗೆ ಪೆಟ್ರೋಲು ಹಾಕಿಸುವ ಎಷ್ಟು ಜನಕ್ಕೆ ಅದು ಒಬ್ಬರ ಕಾಫಿ ತೋಟದ ಕೆಳಗೆ ಹಾದು ಬಂದಿರಬಹುದು ಎಂಬುದು ಗೊತ್ತೋ!

ನೆಲ ಭಾವನದ್ದೇ, ಆದರೆ ಆ ಪಟ್ಟಿಯಲ್ಲಿ ಅಗೆಯುವ ಹಾಗಿಲ್ಲ, ಬಾವಿ ತೋಡುವ ಹಾಗಿಲ್ಲ, ಮರ ನೆಡುವ ಹಾಗಿಲ್ಲ. ಅದಕ್ಕೆಂದೇ 1962ರ ಒಂದು ಕಾನೂನಿದೆ. ಪೈಪಿಗೆ ತೂತು ಹಾಕಿ ಎಣ್ಣೆ ಕದಿಯುವವರು, ಬೇಕೆಂದೇ ಹಾಳು ಮಾಡುವವರು ಎಲ್ಲರನ್ನೂ ಲೆಕ್ಕಕ್ಕೆ ತೆಗೆದುಕೊಂಡು 2011ರಲ್ಲಿ ಅದಕ್ಕೆ ತಿದ್ದುಪಡಿ ತಂದು ಶಿಕ್ಷೆಯನ್ನು ಬಿಗಿ ಮಾಡಿದರು. ಕಾನೂನು ಎಷ್ಟೇ ಬಿಗಿಯಾಗಿರಲಿ, ಪೈಪು ಇರುವುದು ಮನುಷ್ಯನ ಎತ್ತರಕ್ಕಿಂತ ಕಡಿಮೆ ಆಳದಲ್ಲಿ. ಕಾಯುವವನು ದಿನಾ ಆ ಪಟ್ಟಿಯ ಮೇಲೆ ನಡೆದು ಹೋಗುವ ಒಬ್ಬ ಲೈನ್‌ವಾಕರ್. ಆಲೂರು ಕಡೆಯ ಹುಡುಗ. ಕೊರಳಲ್ಲೊಂದು ಜಿಪಿಎಸ್ ಡಬ್ಬಿ, ಕೈಯಲ್ಲೊಂದು ಕೋಲು, ಮಳೆಗಾಲದಲ್ಲಿ ಜಿಗಣೆಗೆ ಕಾಲಿಗೆ ಸುಣ್ಣ.

ಆ ಫೆಬ್ರವರಿಯಲ್ಲಿ ಆದದ್ದು ಇಷ್ಟು. ಪಕ್ಕದ ತೋಟದವರೊಬ್ಬರು ಹೂವಿಗೆ ನೀರು ಹಾಯಿಸಬೇಕೆಂದು ಹಳ್ಳದಿಂದ ಕರಿ ಪೈಪು ಎಳೆದರು. ನೇರವಾಗಿ ಎಳೆದರೆ ಪಟ್ಟಿ ದಾಟಬೇಕು, ಸುತ್ತಿಬಳಸಿ ಹೋದರೆ ಖರ್ಚು ಹೆಚ್ಚು. ಕೇಳಿದರೆ ಬೇಡ ಅನ್ನುತ್ತಾರೆಂದು ಗೊತ್ತಿದ್ದರಿಂದ ಕೇಳಲೇ ಇಲ್ಲ. ರಾತ್ರಿ ಜೆಸಿಬಿ ತರಿಸಿ ಅಗೆದು, ಪೈಪು ಹಾಕಿ, ಮಣ್ಣು ಮುಚ್ಚಿ, ಮೇಲೆ ಕಸಿ ಮಾಡಿದ, ಅಂದರೆ ಗಿಡದಿಂದ ಸವರಿದ, ಸೊಪ್ಪು ರಾಶಿ ಹಾಕಿದರು. ತೋಟದಲ್ಲಿ ಕಸಿಸೊಪ್ಪು ಬಿದ್ದಿದ್ದರೆ ಯಾರು ತಿರುಗಿ ನೋಡುತ್ತಾರೆ? ಲೈನ್‌ವಾಕರ್ ಮೂರು ವಾರ ಅದರ ಮೇಲೇ ನಡೆದ. ಆಮೇಲೆ ಕಂಪನಿಯವರು ಯಂತ್ರ ಹಿಡಿದುಕೊಂಡು ತಪಾಸಣೆಗೆ ಬಂದಾಗ ಗುಟ್ಟು ರಟ್ಟಾಯಿತು. ಜೆಸಿಬಿಯ ಹಲ್ಲು ಇನ್ನೊಂದು ಮೊಳ ಕೆಳಗೆ ಹೋಗಿದ್ದರೆ ಏನಾಗುತ್ತಿತ್ತು ಎಂದು ಭಾವ ಇವತ್ತಿಗೂ ಹೇಳಿಕೊಂಡು ಬೆವರುತ್ತಾರೆ.

ಭಯೋತ್ಪಾದನೆ ಅಲ್ಲ, ಕಾಫಿ ಹೂವು ಅರಳಿಸುವ ಹೂಮಳೆ ಬರದಿದ್ದರೆ ಎಂಬ ಗಾಬರಿ ಅಷ್ಟೆ. ಆದರೆ ಬಂದವನು ಬೇರೆ ಯಾರೋ ಆಗಿದ್ದು, ತಂದಿದ್ದು ಬೇರೆ ಏನೋ ಆಗಿದ್ದರೂ ಅದೇ ಕತ್ತಲು, ಅದೇ ಒಂದು ಲೈಟು, ಅದೇ ಸೊಪ್ಪಿನ ರಾಶಿ. ಅದನ್ನು ಕಂಡ ಒಂದೇ ಒಂದು ಜೋಡಿ ಕಣ್ಣು ಲೈನ್ ಮನೆಯಿಂದ, ಅಂದರೆ ತೋಟದ ಕೆಲಸದವರ ಸಾಲುಮನೆಯಿಂದ, ಮೂತ್ರಕ್ಕೆ ಎದ್ದು ಬಂದ ಅಸ್ಸಾಮಿನವನದ್ದು, ಕಣದಲ್ಲಿ ಸಿಕ್ಕ ಅವನದ್ದೇ. ಅವನು ಬಾಯಿ ಬಿಡಲಿಲ್ಲ.

ಬಾಟಲಿ, ಬೇಲಿ, ಆನೆ

ನನ್ನ ದೊಡ್ಡಪ್ಪನ ಮಗ ಬಿಎಸ್‌ಎಫ್‌ನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಇದ್ದು ಬಂದವನು. ಈಗ ಅರಸೀಕೆರೆ ಕಡೆ ತೆಂಗಿನ ತೋಟ, ನುಸಿರೋಗ, ಕೊಬ್ಬರಿ ರೇಟು ಇವೇ ಅವನ ಗಡಿ. ಈ ಕತೆ ಹೇಳಿದಾಗ ಅವನಿಗೆ ಆಶ್ಚರ್ಯವೇ ಆಗಲಿಲ್ಲ. "ಬೇಲಿ ಯಾರ್ನೂ ತಡೆಯಲ್ಲ ಕಣವ್ವ. ತಡ ಮಾಡ್ತದೆ, ಅಷ್ಟೆ. ಅವ್ನು ತಂತಿ ಕತ್ತರ್ಸೋಕೆ ಹತ್ತು ನಿಮಿಷ ತಗತಾನೆ ಅನ್ಕೊ. ಆ ಹತ್ತು ನಿಮಿಷದೊಳ್ಗೆ ನಾನಲ್ಲಿ ಇರ್ಬೇಕು. ಇಲ್ದಿದ್ರೆ ಬೇಲಿ ಇದ್ರೂ ಒಂದೇ, ಬಿಟ್ರೂ ಒಂದೇ."

ಪಶ್ಚಿಮ ಗಡಿಯ ಮರಳಿನಲ್ಲಿ ಬೇಲಿ ಪಕ್ಕದ ನೆಲವನ್ನು ಸಂಜೆ ನಯವಾಗಿ ಎಳೆದು ಬಿಡುತ್ತಾರಂತೆ, ನಾವು ಹಬ್ಬದ ಹಿಂದಿನ ರಾತ್ರಿ ಅಂಗಳ ಸಾರಿಸಿ ಬಿಡುವ ಹಾಗೆ. ಬೆಳಿಗ್ಗೆ ಅದರ ಮೇಲೆ ಹೆಜ್ಜೆ ಇದೆಯಾ ಎಂದು ನೋಡುತ್ತಾ ಹೋಗುವುದು. ಅದಕ್ಕೆ ಅವರಲ್ಲಿ ಖುರ್ರಾ ಚೆಕಿಂಗ್ ಎನ್ನುತ್ತಾರೆ. ಹೆಜ್ಜೆ ಓದಲು ಬರುವವನು ಇದು ಹೆಂಗಸಿನದೋ ಗಂಡಸಿನದೋ, ಬೆನ್ನ ಮೇಲೆ ಭಾರ ಇತ್ತೋ ಇಲ್ಲವೋ, ಮುಂದಕ್ಕೆ ನಡೆದನೋ ಹಿಂದಕ್ಕೆ ನಡೆದು ಏಮಾರಿಸಿದನೋ ಎಲ್ಲ ಹೇಳುತ್ತಾನಂತೆ. ಬೇಲಿಗೆ ಖಾಲಿ ಬಾಟಲಿಗಳನ್ನು ಜೋಡಿ ಜೋಡಿಯಾಗಿ ಕಟ್ಟಿ ತೂಗುಬಿಡುವುದೂ ಉಂಟು. ಯಾರಾದರೂ ತಂತಿ ಮುಟ್ಟಿದರೆ ಠಣ್ ಅನ್ನಬೇಕು. ಇದನ್ನು ಕೇಳಿ ನಾನು ನಕ್ಕುಬಿಟ್ಟೆ. ಹಂದಿ ಬರದಿರಲಿ ಎಂದು ನಮ್ಮ ಕಡೆ ಗೆಣಸಿನ ಹೊಲಕ್ಕೆ ಮಾಡುವುದೂ ಇದನ್ನೇ ತಾನೆ? "ನಗಬೇಡ" ಎಂದ. "ಕೋಟಿ ರೂಪಾಯಿ ಕ್ಯಾಮ್ರಾ ಮಂಜು ಬಿದ್ರೆ ಕುರುಡು. ಬಾಟ್ಲಿ ಕುರುಡಲ್ಲ."

ಕ್ಯಾಮೆರಾ ಬೇಡವೆಂದೇನೂ ಅಲ್ಲ. ನಮ್ಮ ದೇಶದ ಭೂಗಡಿ 15 ಸಾವಿರ ಕಿಲೋಮೀಟರ್ ದಾಟುತ್ತದೆ, ಅದರಲ್ಲಿ ಬಾಂಗ್ಲಾದೇಶದ ಜೊತೆಗಿನದೇ 4,096. ಅಸ್ಸಾಮಿನ ಧುಬ್ರಿಯಲ್ಲಿ ಬ್ರಹ್ಮಪುತ್ರ ಬಾಂಗ್ಲಾಕ್ಕೆ ಇಳಿಯುವ ಕಡೆ 61 ಕಿಲೋಮೀಟರ್ ಬೇಲಿ ಹಾಕಲು ಸಾಧ್ಯವೇ ಇಲ್ಲ, ಬರೀ ನೀರು ಮತ್ತು ಮರಳು ದಿಬ್ಬ. ದಿಬ್ಬಗಳೂ ಒಂದು ವರ್ಷ ಇದ್ದ ಕಡೆ ಇನ್ನೊಂದು ವರ್ಷ ಇರುವುದಿಲ್ಲ. 2019ರ ಮಾರ್ಚಿನಲ್ಲಿ ಅಲ್ಲಿ ಸೆನ್ಸರ್, ರಾತ್ರಿ ಕಾಣುವ ಕ್ಯಾಮೆರಾ, ಮೈಕ್ರೋವೇವ್ ಸಂಪರ್ಕ ಎಲ್ಲ ಸೇರಿಸಿ ಕಣ್ಣಿಗೆ ಕಾಣದ ಬೇಲಿಯೊಂದನ್ನು ಹಾಕಿದರು. ಅಂಥ ಕಡೆ ಬೇರೆ ದಾರಿಯೂ ಇಲ್ಲ. ಆದರೆ ಸೆನ್ಸರ್ ಕೂಗಿದಾಗ ಅದು ಮೀನುಗಾರನ ದೋಣಿಯೋ, ತೇಲಿ ಬಂದ ಬಾಳೆದಿಂಡೋ, ಇನ್ನೇನೋ ಎಂದು ಹೇಳಲು ಆ ನೀರನ್ನು ಬಲ್ಲವನೊಬ್ಬ ಬೇಕು.

ಬೇಲಿಯ ವಿಷಯದಲ್ಲಿ ಹಾಸನ ಜಿಲ್ಲೆಯವರಿಗೆ ಪಾಠ ಹೇಳುವ ಅಗತ್ಯವಿಲ್ಲ. ಆಲೂರು, ಸಕಲೇಶಪುರದಲ್ಲಿ ಆನೆಗೆಂದು ನಾವು ಏನೆಲ್ಲ ಹಾಕಿಲ್ಲ? ಕಂದಕ ತೋಡಿದರೆ ಕಾಲಲ್ಲಿ ದಡದ ಮಣ್ಣು ತಳ್ಳಿ ಇಳಿಜಾರು ಮಾಡಿಕೊಂಡು ಇಳಿದವು. ಸೋಲಾರ್ ಬೇಲಿ ಹಾಕಿದರೆ ಒಣಮರ ಎತ್ತಿ ತಂತಿಯ ಮೇಲೆ ಕೆಡವಿ ದಾಟಿದವು. ಈಗ ರೈಲು ಹಳಿಯ ಬ್ಯಾರಿಕೇಡ್. (ಆನೆಯನ್ನು ಉಗ್ರನಿಗೆ ಹೋಲಿಸುತ್ತಿಲ್ಲ, ಆನೆಗೆ ಅವಮಾನವಾದೀತು. ಬೇಲಿಯ ಬುದ್ಧಿಯ ಬಗ್ಗೆ ಮಾತ್ರ ಹೇಳುತ್ತಿದ್ದೇನೆ.) ಕಡೆಗೂ ಜೀವ ಉಳಿಸುತ್ತಿರುವುದು "ಆನೆ ಇಂಥಾ ತೋಟದಲ್ಲಿದೆ, ಕೆಲಸಕ್ಕೆ ಹೋಗಬೇಡಿ" ಎಂದು ಬೆಳಿಗ್ಗೆ ಮೊಬೈಲಿಗೆ ಬರುವ ಸಂದೇಶ. ಅದು ಬರಬೇಕಾದರೆ ಯಾರೋ ಒಬ್ಬ ಬೆಳಗಿನ ಜಾವ ಲದ್ದಿ ಮುಟ್ಟಿ ಬಿಸಿ ಇದೆಯಾ ಎಂದು ನೋಡಿರಬೇಕು.

ಯಾಕ್ ಹುಡುಕಲು ಹೋದವನು

1999ರ ಮೇ ತಿಂಗಳ ಶುರುವಿನಲ್ಲಿ ಲಡಾಖಿನ ಗರ್ಕೋನ್ ಹಳ್ಳಿಯ ತಾಶಿ ನಮ್ಗ್ಯಾಲ್ ಕಳೆದುಹೋದ ತನ್ನ ಯಾಕ್ ಹುಡುಕಿಕೊಂಡು ಬೆಟ್ಟ ಹತ್ತಿದ್ದ. ದುರ್ಬೀನಿನಲ್ಲಿ ಯಾಕ್ ಬದಲು ಬಂಕರ್ ತೋಡುತ್ತಿದ್ದ ಗಂಡಸರು ಕಂಡರು. ಇಳಿದು ಬಂದು ಸೇನೆಗೆ ಹೇಳಿದ. ಕಾರ್ಗಿಲ್ ಯುದ್ಧದ ಮೊದಲ ಸುಳಿವುಗಳಲ್ಲಿ ಅದೊಂದು. 2024ರ ಡಿಸೆಂಬರಿನಲ್ಲಿ ಅವನು ತೀರಿಕೊಂಡಾಗ ಸೇನೆ ಗೌರವ ಸಲ್ಲಿಸಿತು. ನನಗೆ ಇದರಲ್ಲಿ ಹಿಡಿಸಿದ್ದು ದೇಶಪ್ರೇಮದ ಭಾಗವಲ್ಲ. ಅವನು ಹೋಗಿದ್ದು ದನ ಹುಡುಕಲು. ಸಂಜೆ ಹಟ್ಟಿಗೆ ಬಾರದ ಹಸು ಹುಡುಕಿಕೊಂಡು ಹೋದವರಿಗೆ ಗೊತ್ತು, ಆಗ ಕಣ್ಣು ಎಷ್ಟು ಚುರುಕಾಗುತ್ತದೆ ಅಂತ. ಮುರಿದ ಕಡ್ಡಿ, ಮಗುಚಿದ ಕಲ್ಲು, ಇರಬಾರದ ಕಡೆ ಇರುವ ಬಣ್ಣ ಎಲ್ಲ ಕಾಣುತ್ತದೆ. ಅವನಿಗೆ ಆ ಬೆಟ್ಟದಲ್ಲಿ ಏನು ಇರುತ್ತದೆ ಎಂದು ಗೊತ್ತಿತ್ತು, ಅದಕ್ಕೇ ಏನು ಇರಬಾರದು ಎಂದೂ ಗೊತ್ತಾಯಿತು. ಇನ್ನೊಂದು ಮಾತು: ಹೇಳಲು ಅವನಿಗೆ ಭಯ ಆಗಲಿಲ್ಲ. ಇಷ್ಟು ಮೇಲೆ ನೀನೇಕೆ ಹತ್ತಿದ್ದೆ ಎಂಬ ಪ್ರಶ್ನೆ ಬರುತ್ತದೆಂದು ಹೆದರಿದ್ದರೆ ಅವನೂ ಯಾಕ್ ಹೊಡೆದುಕೊಂಡು ಸುಮ್ಮನೆ ಮನೆಗೆ ಹೋಗುತ್ತಿದ್ದ.

2020ರ ಆಗಸ್ಟಿನಲ್ಲಿ ಜಮ್ಮುವಿನ ಸಾಂಬಾದಲ್ಲಿ ಗಡಿ ಬೇಲಿಯ ಕೆಳಗೆ ಸುರಂಗ ಸಿಕ್ಕಿದ್ದೂ ಹೀಗೆಯೇ. ಮಳೆ ಬಂದು ನೆಲ ಅಲ್ಲಲ್ಲಿ ಕುಸಿದಿತ್ತು. ಮಳೆಗೆ ನೆಲ ಕುಸಿಯುವುದು ದೊಡ್ಡ ವಿಷಯವೇನಲ್ಲ, ನಮ್ಮ ಶಿರಾಡಿಯಲ್ಲಿ ವರ್ಷಾವರ್ಷ ನೋಡುತ್ತೇವೆ. ಆದರೆ ಇದು ಕುಸಿಯುವ ಜಾಗವಲ್ಲ ಎಂದು ಅಲ್ಲಿದ್ದವರಿಗೆ ಅನ್ನಿಸಿತು. ಅಗೆದರೆ ಸುರಂಗ, ಬಾಯಿಗೆ ಒತ್ತಿದ್ದ ಮರಳು ಚೀಲದ ಮೇಲೆ ಕರಾಚಿಯ ಹೆಸರು.

ಇದಕ್ಕೆ ಉಲ್ಟಾ ನಡೆದದ್ದು ಮುಂಬೈಯಲ್ಲಿ. 2008ರ ನವೆಂಬರ್ 26ರ ರಾತ್ರಿ ಹತ್ತು ಜನ ರಬ್ಬರ್ ದೋಣಿಯಲ್ಲಿ ಕೊಲಾಬಾದ ಮೀನುಗಾರರ ಕೇರಿಯ ಪಕ್ಕ ಇಳಿದರು. ಕೇರಿಯವರು ನೋಡಿದರು, ಯಾರು ನೀವು ಎಂದು ಕೇಳಿಯೂ ಕೇಳಿದರು. ಕಂಡ ಕಣ್ಣಿಗೂ ಕಾಯುವ ಕೈಗೂ ನಡುವೆ ಇರಬೇಕಾದ ದಾರಿ ಅವತ್ತು ಇರಲಿಲ್ಲ. ಅದಾದ ಮೇಲೆ ಮೀನುಗಾರರಿಗೆ ಗುರುತಿನ ಚೀಟಿ ಕೊಟ್ಟರು, ದೋಣಿಗಳಿಗೆ ರಾಜ್ಯಕ್ಕೊಂದು ಬಣ್ಣ ಬಳಿಸಿದರು, ಕರಾವಳಿ ಪೊಲೀಸರನ್ನು ಬಲಪಡಿಸಿದರು. ನಮ್ಮ ರಾಜ್ಯದಲ್ಲಿ ಅದರ ಕೇಂದ್ರ ಮಲ್ಪೆಯಲ್ಲಿದೆ. ಒಳ್ಳೆಯದೇ. ಆದರೆ ಚೀಟಿ ಕೊಡುವುದು ಬೇರೆ, ಮಾತಿಗೆ ಕಿವಿ ಕೊಡುವುದು ಬೇರೆ.

ಬಿಎಸ್‌ಎಫ್‌ನಲ್ಲಿದ್ದ ಅಣ್ಣನಿಗೆ ಇದನ್ನು ಹೇಳಿದರೆ ತಲೆಯಾಡಿಸಿದ, ಆದರೆ ಪೂರ್ತಿ ಒಪ್ಪಲಿಲ್ಲ. ಬಂಗಾಳದ ಕಡೆ ಬೇಲಿ ಇರುವುದು ಗಡಿರೇಖೆಯ ಮೇಲಲ್ಲ, 150 ಗಜ ಒಳಗೆ. ಹಾಗಾಗಿ ಎಷ್ಟೋ ರೈತರ ಗದ್ದೆ ಬೇಲಿಯ ಆಚೆ. ಗೇಟು ಬೆಳಿಗ್ಗೆ ಇಷ್ಟು ಹೊತ್ತಿಗೆ ತೆಗೆಯುತ್ತಾರೆ, ಸಂಜೆ ಇಷ್ಟು ಹೊತ್ತಿಗೆ ಮುಚ್ಚುತ್ತಾರೆ. ಕಾರ್ಡು ಕೊಟ್ಟು ಹೋಗಬೇಕು, ಬಂದು ತೆಗೆದುಕೊಳ್ಳಬೇಕು. ಪೈರಿಗೆ ನೀರು ಬಿಡುವ ರೈತನಿಗೆ ಗೇಟಿನ ಗಂಟೆ ಒಗ್ಗುತ್ತದಾ? "ಊರೋರು ನಮ್ಜೊತೆ ಮಾತಾಡ್ತಿದ್ರೆ ನಮ್ಗೆ ಅರ್ಧ ಡ್ಯೂಟಿ ಕಡ್ಮೆ. ಬಾಯಿ ಮುಚ್ಕಂಡ್ರು ಅಂದ್ರೆ ಅವತ್ತು ನಿದ್ದೆ ಬರ್ತಿರ್ಲಿಲ್ಲ. ಆದ್ರೆ ಕೇಳು, ಅದೇ ಊರ್ನೋರೇ ರಾತ್ರಿ ಕೆಮ್ಮಿನ ಸಿರಪ್ಪು ದಾಟಿಸ್ತಿದ್ರು. ದನ ದಾಟಿಸ್ತಿದ್ರು. ಹಗಲು ಟೀ ಕೊಟ್ಟೋನ ಮೇಲೆ ರಾತ್ರಿ ಟಾರ್ಚ್ ಬಿಡ್ಬೇಕು. ನೀನು ಬ್ಲಾಗ್‌ನಾಗೆ ಬರ್ದಂಗಲ್ಲ ಅದು." ಬರೆದೆ ಅಣ್ಣ, ನೀನು ಹೇಳಿದ್ದನ್ನೂ ಬರೆದಿದ್ದೇನೆ.

ಲ್ಯಾಮಿನೇಟ್ ಮಾಡಿಸಿದ ಕಾಗದ

ಕಣದಲ್ಲಿ ಸಿಕ್ಕವನ ಹೆಸರು ಬರೆಯುವುದಿಲ್ಲ. ಮೇಸ್ತ್ರಿ ಅವನನ್ನು ಭಾಯ್ ಎಂದೇ ಕೂಗುತ್ತಿದ್ದ. ಊರು ಧುಬ್ರಿ. ಬ್ರಹ್ಮಪುತ್ರದ ಮರಳು ದಿಬ್ಬದ ಮೇಲಿದ್ದ ಮನೆ ಎರಡು ಸಲ ನದಿಗೆ ಹೋಯಿತಂತೆ. ಮೂರನೆಯದನ್ನು ಕಟ್ಟುವ ದುಡ್ಡಿಗೆ ನಮ್ಮ ಕಡೆ ಹಣ್ಣು ಕುಯ್ಯಲು ಬಂದಿದ್ದ. ಇವತ್ತು ಹಾಸನ, ಚಿಕ್ಕಮಗಳೂರು, ಕೊಡಗು ಎಲ್ಲಿಯೇ ಕೇಳಿ, ಅಸ್ಸಾಮಿನವರು ಬಾರದಿದ್ದರೆ ಹಣ್ಣು ಗಿಡದಲ್ಲೇ ಒಣಗುತ್ತದೆ ಅನ್ನುತ್ತಾರೆ. ಅದೇ ಬಾಯಲ್ಲಿ "ಎಲ್ಲಾ ಬಾಂಗ್ಲಾದೋರು ಕಣ್ರೀ" ಎಂದೂ ಅನ್ನುತ್ತಾರೆ. ಭಾವನೂ ಅಂದಿದ್ದಾರೆ, ನಾನೂ ನಗುತ್ತಾ ಕೇಳಿಸಿಕೊಂಡಿದ್ದೇನೆ.

ಆ ಜನವರಿಯಲ್ಲಿ ಠಾಣೆಯಿಂದ ಫೋನ್ ಬಂದಿತ್ತು, ಹೊರಗಿನ ಕೆಲಸದವರ ಆಧಾರ್ ಪ್ರತಿ ಕೊಡಿ ಎಂದು. ಕೊಡಬೇಕಾದದ್ದೇ. ನುಸುಳಿ ಬಂದವರೂ, ಸುಳ್ಳು ಆಧಾರ್ ಮಾಡಿಸಿಕೊಂಡವರೂ ಇರುತ್ತಾರೆ, ಅವರನ್ನು ಹುಡುಕುವುದು ಪೊಲೀಸರ ಕೆಲಸ. ಮರುದಿನ ಲೈನ್ ಮನೆ ಮುಂದೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರನ್ನೇ ಫೋಟೋ ತೆಗೆದರು. ಊರಿನ ನಾಲ್ಕು ಹುಡುಗರೂ ಬಂದು ತಾವೂ ಮೊಬೈಲಿನಲ್ಲಿ ತೆಗೆದುಕೊಂಡರು. ಅವರಿಗೆ ಯಾರು ಆ ಅಧಿಕಾರ ಕೊಟ್ಟರೋ, ಯಾರೂ ಕೇಳಲಿಲ್ಲ. ನಾನು ಅಕ್ಕನ ಮನೆ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ನೋಡುತ್ತಿದ್ದೆ, ನಾನೂ ಕೇಳಲಿಲ್ಲ. ಭಾಯ್ ಆಧಾರ್ ಕೊಟ್ಟ ಮೇಲೆ, ಯಾರೂ ಕೇಳದಿದ್ದರೂ, ಟ್ರಂಕಿನಿಂದ ಇನ್ನೊಂದು ಕಾಗದ ತಂದು ಹಿಡಿದ. ಅಸ್ಸಾಮಿನ ಎನ್‌ಆರ್‌ಸಿ, ಅಂದರೆ ದೇಶದ ಪೌರರು ಯಾರೆಂದು ಗುರುತಿಸುವ ಪಟ್ಟಿಯಲ್ಲಿ ಅವನ ಹೆಸರಿರುವ ಹಾಳೆ, ಲ್ಯಾಮಿನೇಟ್ ಮಾಡಿಸಿದ್ದು, ಮೂಲೆಗಳು ಬಿಚ್ಚಿಕೊಂಡಿದ್ದವು. 2019ರ ಆಗಸ್ಟ್ 31ರಂದು ಹೊರಬಂದ ಆ ಪಟ್ಟಿಯಿಂದ 19 ಲಕ್ಷ ಜನ ಹೊರಗುಳಿದರು. ಇವನು ಒಳಗಿದ್ದ. "ಹೆಂಡತಿ ಇಲ್ಲ" ಎಂದ. ಒಂದೇ ಒಲೆಯ ಮುಂದೆ ಕೂರುವ ಇಬ್ಬರಲ್ಲಿ ಒಬ್ಬರು ಗಡಿಯ ಒಳಗೆ, ಇನ್ನೊಬ್ಬರದು ಇನ್ನೂ ತೀರ್ಮಾನವಾಗಬೇಕು. ಕಾಗದ ಯಾವ ಭಾಷೆಯಲ್ಲಿದೆ ಎಂದೂ ಅಲ್ಲಿದ್ದ ನಮ್ಮಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಅದಾದ ತಿಂಗಳೊಳಗೆ ಅವನು ಜೆಸಿಬಿ ನೋಡಿದ್ದು. ಹೇಳುತ್ತಾನಾ?

ಸಾಲಗಾಮೆ ರಸ್ತೆಯ ತಟ್ಟೆಗಳು

ಹೈಸ್ಕೂಲಿನಲ್ಲಿದ್ದಾಗ ಹಾಸನದ ಸಾಲಗಾಮೆ ರಸ್ತೆಯಲ್ಲಿ ಸೈಕಲ್ ಹೊಡೆಯುತ್ತಾ ಇಸ್ರೋದ ದೊಡ್ಡ ದೊಡ್ಡ ಬಿಳಿ ತಟ್ಟೆಗಳನ್ನು ನೋಡುತ್ತಿದ್ದೆವು. 1982ರಿಂದ ಇನ್ಸಾಟ್ ಉಪಗ್ರಹಗಳ ಲಗಾಮು ಹಿಡಿದಿರುವ ಜಾಗ. 36 ಸಾವಿರ ಕಿಲೋಮೀಟರ್ ಮೇಲಿರುವುದನ್ನು ಹಾಸನದಲ್ಲಿ ಕೂತು ಆಚೀಚೆ ತಿರುಗಿಸುತ್ತಾರೆ ಎಂದು ಮೇಷ್ಟ್ರು ಹೇಳಿದಾಗ ನಮಗೆ ಹೆಮ್ಮೆಗಿಂತ ಅನುಮಾನವೇ ಹೆಚ್ಚಾಗಿತ್ತು. ಗೇಟಿನಲ್ಲಿ ಬಂದೂಕು ಹಿಡಿದವನು ತಟ್ಟೆ ಕದಿಯದಂತೆ ಕಾಯುತ್ತಿದ್ದಾನೆ ಎಂದು ನನ್ನ ಗೆಳತಿ ನಂಬಿದ್ದಳು.

ಈಗ ಅಂಥ ಜಾಗಕ್ಕೆ ಗೋಡೆ ಹಾರಿಯೇ ಬರಬೇಕೆಂದಿಲ್ಲ. 2021ರ ಜೂನ್ 27ರಂದು ಜಮ್ಮು ವಾಯುನೆಲೆಯ ಮೇಲೆ ಡ್ರೋನ್‌ನಿಂದ ಸ್ಫೋಟಕ ಬಿತ್ತು. ಅದೇ ವರ್ಷದ ಮೇ ತಿಂಗಳಲ್ಲಿ ಅಮೆರಿಕದ ಪೂರ್ವ ಕರಾವಳಿಗೆ ಪೆಟ್ರೋಲು ಸಾಗಿಸುವ ಕಲೋನಿಯಲ್ ಪೈಪ್‌ಲೈನು ನಿಲ್ಲುವ ಹಾಗೆ ಹ್ಯಾಕರ್‌ಗಳು ಒಂದು ಹಿಡಿ ಮಣ್ಣು ಅಗೆಯದೆ ಮಾಡಿದರು. ಯಾರೂ ಬಳಸದೆ ಬಿಟ್ಟಿದ್ದ ಒಂದು ಖಾತೆಯ ಪಾಸ್‌ವರ್ಡ್ ಸಾಕಾಯಿತು. ಅವರು ಬಂದದ್ದು ಹಣಕ್ಕಾಗಿ, ಆದರೆ ಪೆಟ್ರೋಲ್ ಬಂಕ್‌ಗಳ ಮುಂದೆ ಸಾಲು ನಿಂತವರಿಗೆ ಅದರಿಂದ ಏನು ವ್ಯತ್ಯಾಸ? 2019ರಲ್ಲಿ ನಮ್ಮ ಕೂಡಂಕುಳಂ ಅಣು ಸ್ಥಾವರದ ಆಡಳಿತ ವಿಭಾಗದ ಕಂಪ್ಯೂಟರಿಗೂ ಇಂಥದೊಂದು ಹುಳ ಹೊಕ್ಕಿತ್ತು, ಸ್ಥಾವರದ ನಿಯಂತ್ರಣ ವ್ಯವಸ್ಥೆ ಬೇರೆಯಾಗಿದ್ದರಿಂದ ಅದಕ್ಕೇನೂ ಆಗಲಿಲ್ಲ ಎಂದರು. ಈ ಲೋಕ ನನಗೆ ಹೆಚ್ಚು ಗೊತ್ತಿಲ್ಲದ್ದು, ಬೇಗ ದಾಟುತ್ತೇನೆ. ಒಂದು ಮಾತ್ರ: ಕಲೋನಿಯಲ್‌ನಲ್ಲೂ ಮೊದಲು ಗೊತ್ತಾದದ್ದು ಬೆಳಗಿನ ಜಾವ ಐದರ ಹೊತ್ತಿಗೆ ಒಬ್ಬ ನೌಕರ ಪರದೆಯ ಮೇಲೆ ಬಂದ ಬೆದರಿಕೆ ಚೀಟಿ ನೋಡಿ ಮೇಲಿನವರಿಗೆ ಹೇಳಿದಾಗ.

ಹಾಸನದ ಬಸ್ ಸ್ಟ್ಯಾಂಡು, ಮಾಲು, ದೇವಸ್ಥಾನ ಎಲ್ಲಾದರೂ ಲೋಹ ಪತ್ತೆಯ ಕಮಾನಿನ ಕೆಳಗೆ ಹೋಗಿ ನೋಡಿ. ಪೀಂ ಅನ್ನುತ್ತದೆ, ಎಲ್ಲರಿಗೂ ಅನ್ನುತ್ತದೆ, ಯಾರೂ ತಲೆ ಎತ್ತುವುದಿಲ್ಲ. ಪಕ್ಕದಲ್ಲಿ ಹೂ ಮಾರುವವಳಿಗೆ ಮಾತ್ರ ಇವತ್ತು ಯಾವ ಚೀಲ ಮಧ್ಯಾಹ್ನದಿಂದ ಅಲ್ಲೇ ಇದೆ ಎಂದು ಗೊತ್ತಿರುತ್ತದೆ. ಅವಳನ್ನು ನಾವು ಕೇಳುವುದು ಮೊಳ ಎಷ್ಟು ಅಂತ.

ಈ ಸಲದ ಕುಯ್ಲು

ಭಾಯ್ ಹೇಳಿದ್ದನ್ನು ನಾನು ಭಾವನಿಗೆ ಹೇಳಿದೆ, ಅವನ ಮೇಲೆ ಬರದ ಹಾಗೆ ನೋಡಿಕೊಳ್ಳಿ ಎಂದು ಮಾತು ತೆಗೆದುಕೊಂಡು. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂಗಾದ್ರೂ ಹೇಳ್ಬೋದಿತ್ತಲ್ಲ" ಎಂದರು. ಅವರಿಗೆ ಅದು ನಿಜವಾಗಿಯೂ ನೋವಾಗಿತ್ತು. ಪೈಪ್‌ಲೈನ್ ಪಟ್ಟಿಯ ಬೋರ್ಡಿನಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್ ಇದೆ. ಈ ವರ್ಷ ಲೈನ್ ಮನೆಯ ಗೋಡೆ ಮೇಲೆ ಅದೇ ಫೋನ್ ನಂಬರನ್ನು ಭಾವ ಸುಣ್ಣದಲ್ಲಿ ದೊಡ್ಡದಾಗಿ ಬರೆಸಿದ್ದಾರೆ, ಕೆಳಗೆ ಅಲ್ಲಿಯವನೊಬ್ಬ ತನ್ನ ಲಿಪಿಯಲ್ಲಿ ಎರಡು ಸಾಲು ಬರೆದಿದ್ದಾನೆ. ಭಾಯ್ ಈ ಸಲ ಬಂದಿಲ್ಲ. ಹೆಂಡತಿಯ ಕೇಸಿನ ತಾರೀಖು ಇದೆಯಂತೆ.

ಕಳೆದ ವಾರ ನಾನು ಹೋದಾಗ ಲೈನ್‌ವಾಕರ್ ಹುಡುಗ ಲೈನ್ ಮನೆ ಮೆಟ್ಟಿಲ ಮೇಲೆ ಕೂತು, ಅವರು ಕೊಟ್ಟ ಕೆಂಪು ಟೀ ಕುಡಿಯುತ್ತಿದ್ದ. ಈಗ ದಿನಾ ಹತ್ತು ನಿಮಿಷ ಅಲ್ಲಿ ಕೂರುತ್ತಾನಂತೆ. ಅರ್ಧ ಹಿಂದಿ, ಅರ್ಧ ಕನ್ನಡ. ಮೊನ್ನೆ ಒಬ್ಬಳು ಹೆಂಗಸು, ಕೆರೆ ಹತ್ತಿರ ಯಾರೋ ಟೇಪು ಹಿಡಿದು ಅಳೆಯುತ್ತಿದ್ದರು ಎಂದು ತಾನಾಗೇ ಹೇಳಿದಳಂತೆ. ಹೋಗಿ ನೋಡಿದರೆ ಸರ್ವೆಯವರು. "ಏನೂ ಇರ್ಲಿಲ್ಲ ಮೇಡಂ. ಆದ್ರೂ ಹೇಳಿದ್ಲಲ್ಲ" ಎಂದ.

ಅವನ ಫೋನ್ ರಿಂಗಾಯಿತು. ಜಿಪಿಎಸ್ ಡಬ್ಬಿ ಒಂದೇ ಕಡೆ ಹತ್ತು ನಿಮಿಷ ನಿಂತರೆ ಆಫೀಸಿನಲ್ಲಿ ಗೊತ್ತಾಗುತ್ತದೆ, ಯಾಕೆ ನಿಂತಿದ್ದೀಯಾ ಎಂದು ಕೇಳುತ್ತಾರೆ. ಅವನು ನನ್ನ ಕಡೆ ನೋಡಿ ಹಲ್ಲು ಕಿರಿದು, ಫೋನ್ ಕಿವಿಗಿಟ್ಟ.

"ಇಲ್ಲೇ ಸಾರ್. ನಡೀತಾ ಇದೀನಿ" ಎಂದ. ಲೋಟ ಇನ್ನೂ ಕೈಯಲ್ಲೇ ಇತ್ತು.